ಅವ್ವನ ಮಾರಿ, ಸ್ಟುಡಿಯೋದವನ ಪರದೆ

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಅನ್ನೋ ಗಾದೆ ಇದೆಯಲ್ಲ, ಅದನ್ನ ಯಾರು ಯಾವಾಗ ಹೇಳ್ತಾರೆ ಅಂತ ಗಮನಿಸಿದ್ದೀರಾ? ನಾನು ಕೇಳಿದ್ದೆಲ್ಲ ಹೆಣ್ಣು ನೋಡೋಕೆ ಬಂದವರ ಬಾಯಲ್ಲಿ. ಒಂದು ಕಣ್ಣು ಅವಲಕ್ಕಿ ತಟ್ಟೆ ಹಿಡಿದು ಬಂದ ಹುಡುಗಿ ಮೇಲೆ, ಇನ್ನೊಂದು ಕಣ್ಣು ಬಾಗಿಲ ಹಿಂದೆ ನಿಂತ ತಾಯಿ ಮೇಲೆ. ಇಪ್ಪತ್ತೈದು ವರ್ಷ ಆದ ಮೇಲೆ ಈ ಹುಡುಗಿ ಹೇಗೆ ಆಗ್ತಾಳೆ ಅನ್ನೋ ಲೆಕ್ಕಾಚಾರ ಅದು. ಈಗ ಅದೇ ಗಾದೆ ಬಟ್ಟೆ ಬದಲಾಯಿಸಿಕೊಂಡು ಮೊಬೈಲಿಗೆ ಬಂದಿದೆ. ಮೇ ತಿಂಗಳ ಎರಡನೇ ಭಾನುವಾರ ಬಂತು ಅಂದ್ರೆ ಎಲ್ಲರ ಸ್ಟೇಟಸ್ಸಲ್ಲೂ ಎರಡು ಫೋಟೋ ಪಕ್ಕ ಪಕ್ಕ. ಎಡಕ್ಕೆ ಅಮ್ಮನ ಹಳೇ ಕಪ್ಪು ಬಿಳುಪು, ಬಲಕ್ಕೆ ಮಗಳ ಸೆಲ್ಫಿ. ಕೆಳಗೆ 'ಜೆರಾಕ್ಸ್ ಕಾಪಿ', 'ಸೇಮ್ ಟು ಸೇಮ್', ನಾಲ್ಕು ಹೃದಯದ ಚಿತ್ರ.

ನನ್ನ ತಕರಾರು ಇರೋದು ಇದರ ಬಗ್ಗೆ. ಪ್ರೀತಿ ಬಗ್ಗೆ ಅಲ್ಲ ಮಹರಾಯ್ರೇ, ಆ 'ಸೇಮ್ ಟು ಸೇಮ್' ಬಗ್ಗೆ. ಫೋಟೋದಲ್ಲಿ ನಮ್ಮ ಅಮ್ಮಂದಿರ ಥರ ನಾವು ಕಾಣ್ತೀವಲ್ಲ, ಅದರಲ್ಲಿ ಅಮ್ಮನ ಪಾಲು ಎಷ್ಟು, ಫೋಟೋ ತೆಗೆದವನ ಪಾಲು ಎಷ್ಟು? ನನ್ನ ಲೆಕ್ಕದಲ್ಲಿ ಅರ್ಧಕ್ಕರ್ಧ.

ನಮ್ಮ ಊರು ಗೋಕಾಕ ತಾಲೂಕಿನ ಮಮದಾಪುರ. (ವಿಜಾಪುರದ ಕಡೆ ಆದಿಲಶಾಹಿ ಕೆರೆ ಇರುವ ಮಮದಾಪುರ ಬೇರೆ. ಊರ ಹೆಸರು ಹೇಳಿದಾಗಲೆಲ್ಲ "ಓ, ಆ ಕೆರೆ!" ಅಂತಾರೆ. ಆ ಕೆರೆ ನಮ್ಮದಲ್ಲ.) 2010ರ ತನಕ ನಮ್ಮ ಅವ್ವನ ಫೋಟೋ ಒಟ್ಟು ಏಳು. ಎಣಿಸಿಯೇ ಹೇಳ್ತಿದ್ದೀನಿ. ಮದುವೆಗೆ ಮೊದಲು ಗೋಕಾಕದ ಸ್ಟುಡಿಯೋದಲ್ಲಿ ತೆಗೆಸಿದ್ದು ಒಂದು, 1975ರದ್ದು. ಮದುವೆಯಲ್ಲಿ ಎರಡು. ಕೂಸಾಗಿದ್ದ ನನ್ನನ್ನ ತೊಡೆ ಮೇಲೆ ಕೂಡಿಸಿಕೊಂಡದ್ದು ಒಂದು. ಸೊಸೈಟಿ ಪಾಸ್‌ಬುಕ್ಕಿಗೆ ಅಂತ ಒಂದು. ಮತದಾರರ ಗುರುತಿನ ಚೀಟಿಗೆ ಒಂದು. ಶೇಷನ್ ಸಾಹೇಬರ ಕಾಲದಲ್ಲಿ, 1993ರಲ್ಲಿ, ಆ ಚೀಟಿ ಜಾರಿಗೆ ಬರದೇ ಇದ್ದಿದ್ದರೆ ಅದೂ ಇರ್ತಿರಲಿಲ್ಲ. ಕೊನೆಯದು ತಂಗಿ ಮದುವೆಯ ಗ್ರೂಪ್ ಫೋಟೋ, ಅದರಲ್ಲಿ ಅವ್ವನ ಅರ್ಧ ಮುಖ ಯಾರದೋ ಪಟಗದ ಹಿಂದೆ.

ಅದೇ ಅಪ್ಪನದು ಎಣಿಸಿದ್ರೆ ಮೂವತ್ತರ ಮೇಲೆ ಇದೆ. ಗೋಕಾಕ ಫಾಲ್ಸಿನ ತೂಗುಸೇತುವೆ ಮೇಲೆ ಗೆಳೆಯರ ಜೊತೆ, ಯಾರದೋ ಮೋಟಾರ್ ಸೈಕಲ್ ಮೇಲೆ, ಜಾತ್ರೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು. ಅಪ್ಪ ತನಗೆ ಅನ್ನಿಸಿದಾಗ ತೆಗೆಸಿಕೊಂಡ. ಅವ್ವನ ಏಳರಲ್ಲಿ ಒಂದೂ ಅವ್ವನಿಗೆ ಅನ್ನಿಸಿ ತೆಗೆಸಿದ್ದಲ್ಲ. ಗಂಡಿನವರು ಕೇಳಿದ್ರು, ಸೊಸೈಟಿಯವರು ಕೇಳಿದ್ರು, ಸರಕಾರ ಕೇಳಿತು. ಆಮೇಲೆ ಆಧಾರ್ ಬಂತು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ ಅಂತಾಯ್ತು. 2023ರಲ್ಲಿ ಗೃಹಲಕ್ಷ್ಮಿ ಬಂತು. ಹೀಗೆ ಅವ್ವನ ಮುಖಕ್ಕೆ ಬೇಡಿಕೆ ಹೆಚ್ಚುತ್ತಾ ಹೋಯ್ತು. ಎಲ್ಲ ಸರಿ, ಆದರೆ ಕೇಳಿದವರು ಬೇರೆಯವರು, ನಿಂತವಳು ಮಾತ್ರ ಅವ್ವ. ಆಧಾರ್ ಫೋಟೋ ನೋಡಿದ್ರೆ ನಗು ಬರುತ್ತೆ. ಎಲ್ಲರದ್ದೂ ಹಾಗೇ ಬಿಡಿ, ಅದರಲ್ಲಿ ಯಾರು ಚೆಂದ ಕಂಡಿದ್ದಾರೆ :)

ಆ 1975ರ ಫೋಟೋಕ್ಕೆ ಬರ್ತೀನಿ. ನಮ್ಮ ಮನೆಯಲ್ಲಿ ದೊಡ್ಡ ಮರ್ಯಾದೆ ಅದಕ್ಕೆ. ಹಿಂದೆ ಪರದೆ. ಪರದೆ ಮೇಲೆ ಮೆಟ್ಟಿಲು, ಕಂಬ, ಬಳ್ಳಿ, ದೂರದಲ್ಲಿ ಒಂದು ಕೊಳ. ನಮ್ಮ ಭಾಗದಲ್ಲಿ ಅಂಥ ಬಂಗಲೆಯನ್ನ ಯಾರೂ ಕಂಡಿಲ್ಲ. ಎಡಗೈ ಎತ್ತರದ ಸ್ಟೂಲಿನ ಮೇಲೆ, ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಜಡೆ ಮುಂದೆ. ಗದ್ದ ಸ್ವಲ್ಪ ಕೆಳಗೆ, ಕಣ್ಣು ಮೇಲೆ. ನನ್ನದೂ ಒಂದು ಇದೆ, 1998ರದ್ದು, ಅದೇ ಕಾರಣಕ್ಕೆ ತೆಗೆಸಿದ್ದು, ಅದೇ ಸ್ಟುಡಿಯೋದಲ್ಲಿ. ಅಷ್ಟೊತ್ತಿಗೆ ತಂದೆ ಹೋಗಿ ಮಗ ಕ್ಯಾಮೆರಾ ಹಿಡಿದಿದ್ದ. ಬಣ್ಣದ ಫೋಟೋ, ಪರದೆ ಹೊಸದು, ಆದರೆ ಸ್ಟೂಲು ಅದೇ ಎತ್ತರದ್ದು, ಜಡೆ ಮುಂದೆ, ಮತ್ತು ಅದೇ ಮಾತು: "ಗದ್ದ ಸ್ವಲ್ಪ ಕೆಳಗ ಮಾಡ ತಂಗಿ, ಕಣ್ಣ ಅಷ್ಟ ಮ್ಯಾಲ." ಅಪ್ಪನಿಂದ ಮಗನಿಗೆ ಬಂದ ಆಸ್ತಿ ಅದು.

ಎರಡೂ ಫೋಟೋ ಪಕ್ಕದಲ್ಲಿ ಇಟ್ಟು ನೋಡಿದವರೆಲ್ಲ ಅನ್ನೋದು ಒಂದೇ ಮಾತು, "ಥೇಟ್ ನಿಮ್ಮವ್ವನ ಮಾರಿ!" ನನಗೂ ಹಾಗೇ ಕಾಣ್ತಿತ್ತು. ಒಂದು ದಿನ ನಮ್ಮ ಓಣಿಯ ಬೇರೆ ಮನೆಯ ಹುಡುಗಿಯ ಫೋಟೋ ಸಿಕ್ಕಿತು, ಅದೇ ಸ್ಟುಡಿಯೋದ್ದು. ನಮಗೂ ಅವರಿಗೂ ರಕ್ತ ಸಂಬಂಧ ಇಲ್ಲ, ಕಳ್ಳುಬಳ್ಳಿ ಇಲ್ಲ. ಅವಳೂ ಥೇಟ್ ನಮ್ಮ ಅವ್ವ! ಅದೇ ಗದ್ದ, ಅದೇ ಅರ್ಧ ನಾಚಿದ ಕಣ್ಣು, ಅದೇ ಜಡೆ. ಆ ಸ್ಟೂಲಿಗೆ ಕೈ ಊರಿ ನಿಂತವರೆಲ್ಲ ಒಂದೇ ತಾಯಿಯ ಮಕ್ಕಳು.

ಇದನ್ನ ನನಗಿಂತ ಎಷ್ಟೋ ಚೆನ್ನಾಗಿ ಕಂಡು, ಅದನ್ನೇ ಕೆಲಸ ಮಾಡಿಕೊಂಡವರು ಬೆಂಗಳೂರಿನ ಪುಷ್ಪಮಾಲಾ ಎನ್. ಗೊತ್ತಿಲ್ಲದವರಿಗೆ ಎರಡು ಮಾತು. ಹುಟ್ಟಿದ್ದು 1956ರಲ್ಲಿ, ಬರೋಡಾದಲ್ಲಿ ಶಿಲ್ಪಕಲೆ ಓದಿದವರು. ತೊಂಬತ್ತರ ದಶಕದ ನಡುವಿನಲ್ಲಿ ಶಿಲ್ಪ ಬಿಟ್ಟು ಫೋಟೋಕ್ಕೆ ಬಂದರು. ಆದರೆ ಕ್ಯಾಮೆರಾ ಹಿಂದೆ ಅಲ್ಲ, ಮುಂದೆ. ತಾವೇ ವೇಷ ಹಾಕ್ತಾರೆ, ತಾವೇ ಸೆಟ್ ಕಟ್ಟಿಸ್ತಾರೆ, ಬಟನ್ ಒತ್ತೋದು ಇನ್ನೊಬ್ಬರು. 2000ದಿಂದ 2004ರ ತನಕ ಬೆಂಗಳೂರಲ್ಲೇ ಇರುವ ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್' ಸರಣಿ ನೋಡಬೇಕು ನೀವು. ಹೆಸರೇ ಬ್ರಿಟಿಷರ ಕಾಲದ ಜನಾಂಗ ವರ್ಣನೆ ಪುಸ್ತಕಗಳ ಅಣಕ. ದಕ್ಷಿಣ ಭಾರತದ ಹೆಂಗಸು ಅಂದಾಕ್ಷಣ ನಮ್ಮ ತಲೆಯಲ್ಲಿ ಮೂಡೋ ಚಿತ್ರಗಳನ್ನ ಒಂದೊಂದಾಗಿ ಎತ್ತಿಕೊಂಡು, ಅದರೊಳಗೆ ತಾವು ಹೋಗಿ ನಿಂತಿದ್ದಾರೆ. ರವಿವರ್ಮನ ಲಕ್ಷ್ಮಿ ಅವರೇ. ಬೆಳದಿಂಗಳಲ್ಲಿ ಕೂತ ಸುಂದರಿ ಅವರೇ. ಪೇಪರಲ್ಲಿ ಬಂದ ಪೊಲೀಸರ ಕೈಗೆ ಸಿಕ್ಕ ಕಳ್ಳಿಯರ ಫೋಟೋದಲ್ಲೂ ಅವರೇ. ಕನ್ನಡ ಸಿನೆಮಾ ಸ್ಟಿಲ್ಲಿನ ಚೆಲ್ಲು ಹುಡುಗಿ ಅವರೇ. ನಮ್ಮ ವಿಜಾಪುರದ ಯೋಗಿನಿಯೂ ಇದ್ದಾಳೆ. ನಾಲ್ಕು ನೂರು ವರ್ಷದ ಹಿಂದೆ ಅಲ್ಲಿ ಬರೆದ, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿರುವ, ಮೈನಾ ಹಕ್ಕಿಯ ಜೊತೆ ನಿಂತ ಆ ಯೋಗಿನಿ. ಇನ್ನೊಂದರಲ್ಲಿ ತೋಡ ಹೆಂಗಸಾಗಿ ಚೌಕಳಿ ಪರದೆ ಮುಂದೆ ನಿಂತಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಸಾಹೇಬರು ಮನುಷ್ಯರ ಮೈ ಅಳತೆ ಮಾಡೋಕೆ ಇಂಥ ಚೌಕಳಿ ಪರದೆ ಕಟ್ಟಿ ಫೋಟೋ ತೆಗೀತಿದ್ರು, ದನದ ಸಂತೆಯಲ್ಲಿ ಹಲ್ಲು ಎಣಿಸಿದ ಹಾಗೆ.

ಒಬ್ಬಳೇ ಹೆಂಗಸು. ಪರದೆ ಬದಲಾದ್ರೆ ದೇವಿ, ಪರದೆ ಬದಲಾದ್ರೆ ಕಳ್ಳಿ. ಅವನ್ನ ನೋಡ್ತಾ ನೋಡ್ತಾ ನನಗೆ ನಮ್ಮ ಗೋಕಾಕದ ಪರದೆ ನೆನಪಾಗದೇ ಹೇಗೆ ಇರುತ್ತೆ ಹೇಳಿ. ಅದು 'ಮದುವೆಗೆ ಬಂದ ಹುಡುಗಿ' ಅನ್ನೋ ವೇಷ. ಅವ್ವ 1975ರಲ್ಲಿ ಹಾಕಿದ್ದಳು, ನಾನು 1998ರಲ್ಲಿ ಹಾಕಿದೆ. ಇಬ್ಬರೂ ಒಂದೇ ಥರ ಕಂಡಿದ್ದರಲ್ಲಿ ಆಶ್ಚರ್ಯ ಏನು? ಒಂದೇ ನಾಟಕದ ಒಂದೇ ಪಾತ್ರ, ಕಂಪನಿ ಅಷ್ಟೇ ಹಳೇದು.

ಇಷ್ಟಕ್ಕೇ ಮುಗಿಯಲ್ಲ. ಫಿಲ್ಮಿನ ಕಿತಾಪತಿ ಬೇರೆ ಇದೆ. ತೀರ ಹಳೇ ಕಾಲದ ಕಪ್ಪು ಬಿಳುಪು ಫಿಲ್ಮಿಗೆ ಕೆಂಪು ಬಣ್ಣ ಕಾಣ್ತಲೇ ಇರಲಿಲ್ಲ. ಆರ್ಥೋಕ್ರೊಮ್ಯಾಟಿಕ್ ಅಂತಾರೆ ಅದನ್ನ. ನೀಲಿ ಹಸಿರು ಗ್ರಹಿಸುತ್ತೆ, ಕೆಂಪು ಗ್ರಹಿಸಲ್ಲ. ಹಾಗಾಗಿ ಕುಂಕುಮ ಕರ್ರಗೆ, ತುಟಿ ಕರ್ರಗೆ, ನಮ್ಮಂಥ ಕಂದು ಮೈಬಣ್ಣ ಇದ್ದದ್ದಕ್ಕಿಂತ ಎರಡು ಪಟ್ಟು ಕರ್ರಗೆ. ನಿಮ್ಮ ಮುತ್ತಜ್ಜಿಯ ಫೋಟೋ ನೋಡಿ "ಭಾಳ ಕಪ್ಪಿದ್ಲು" ಅನ್ನೋ ಮುಂಚೆ ಇದು ನೆನಪಿರಲಿ. ಬಣ್ಣದ ಫಿಲ್ಮು ಬಂದಾಗಲಾದರೂ ನ್ಯಾಯ ಸಿಕ್ಕಿತಾ? ಅದೂ ಇಲ್ಲ. ಲ್ಯಾಬುಗಳಲ್ಲಿ ಬಣ್ಣ ಸರಿ ಇದೆಯಾ ಅಂತ ಹೊಂದಿಸಿಕೊಳ್ಳೋಕೆ ಕೊಡಾಕ್ ಕಂಪನಿ ಒಂದು ಕಾರ್ಡು ಕಳಿಸ್ತಿತ್ತು, 'ಶರ್ಲಿ ಕಾರ್ಡು' ಅಂತ ಅದರ ಅಡ್ಡಹೆಸರು. ಅದರ ಮೇಲೆ ಇರ್ತಿದ್ದದ್ದು ಒಬ್ಬ ಬಿಳಿ ಹೆಂಗಸು. ಅವಳ ಚರ್ಮ ಸರಿಯಾಗಿ ಬಂದ್ರೆ ಮೆಷಿನ್ ಸರಿ ಇದೆ ಅಂತ ಅರ್ಥ. ಕಂದು ಬಣ್ಣ ಸರಿಯಾಗಿ ಬರ್ತಿಲ್ಲ ಅಂತ ದೊಡ್ಡ ದನಿಯಲ್ಲಿ ದೂರು ಕೊಟ್ಟವರು ಯಾರು ಗೊತ್ತಾ? ಚಾಕೊಲೇಟ್ ಕಂಪನಿಯವರು ಮತ್ತು ಮರದ ಫರ್ನಿಚರ್ ಮಾರುವವರು! ಅವರ ಜಾಹೀರಾತು ಕೆಡ್ತಿತ್ತಲ್ಲ. ಬೇರೆ ಬೇರೆ ಮೈಬಣ್ಣದ ಹೆಂಗಸರು ಆ ಕಾರ್ಡಿಗೆ ಬಂದದ್ದು ತೊಂಬತ್ತರ ದಶಕದಲ್ಲಿ.

ಅವ್ವ ಇವತ್ತಿಗೂ ತನ್ನನ್ನ ತಾನು 'ಕರಿಕಿ' ಅಂತಾಳೆ. ಅದಕ್ಕೆ ಪುರಾವೆ ಕೇಳಿದ್ರೆ ತೋರಿಸೋದು ಫೋಟೋ. ಕನ್ನಡಿಯಲ್ಲಿ ದಿನಾ ನೋಡಿಕೊಂಡ ಮುಖಕ್ಕಿಂತ ಮೂವತ್ತು ವರ್ಷದಲ್ಲಿ ಏಳು ಸಲ ನೋಡಿದ ಮುಖವನ್ನ ಹೆಚ್ಚು ನಂಬಿದ್ದಾಳೆ. ನನ್ನ ಫೋಟೋಕ್ಕೆ ಸ್ಟುಡಿಯೋಕ್ಕೆ ಹೋಗುವಾಗ ಅವಳೇ ನನ್ನ ಮುಖಕ್ಕೆ ಎರಡು ಪದರ ಪೌಡರ್ ಬಳಿದು ಕಳಿಸಿದ್ದಳು, "ಫೋಟೋದಾಗ ನನ್ಹಂಗ ಕರ್ರಗ ಬರಬ್ಯಾಡ" ಅಂತ. ಮಗಳು ತನ್ನ ಹಾಗೆ ಕಾಣಬಾರದು ಅಂತ ತಾಯಿ ಮಾಡಿದ ವ್ಯವಸ್ಥೆ ಅದು. ಗಾದೆ ಹೇಳಿದವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಈಗ ಪೌಡರಿನ ಕೆಲಸ ಕಂಪ್ಯೂಟರ್ ವಹಿಸಿಕೊಂಡಿದೆ. ಹಿಂದಿನ ವರ್ಷ ನಮ್ಮ ಅಣ್ಣನ ಮಗ 1975ರ ಫೋಟೋವನ್ನ ಯಾವುದೋ ಆ್ಯಪಿಗೆ ಹಾಕಿ 'ಎಐ ರಿಸ್ಟೋರ್' ಮಾಡಿ ಮನೆ ಗ್ರೂಪಿಗೆ ಕಳಿಸಿದ. ಬಣ್ಣ ಬಂದಿತ್ತು, ಗೀರು ಹೋಗಿತ್ತು, ಕಣ್ಣೊಳಗೆ ಹೊಳಪು. ಗ್ರೂಪಿನಲ್ಲಿ ಒಂದೇ ಗದ್ದಲ, "ಅಯ್ಯ, ಥೇಟ್ ಅಕ್ಕನ ನೋಡ್ರಿ!" ಅಂತ. ಅಕ್ಕ ಅಂದ್ರೆ ನಾನು. ನಿಜಕ್ಕೂ ನನ್ನ ಹಾಗೇ ಇತ್ತು, ಹಿಂದೆಂದೂ ಇಲ್ಲದಷ್ಟು. ಒಂದು ಗಳಿಗೆ ಖುಷಿ ಆಯ್ತು. ಆಮೇಲೆ ದೊಡ್ಡದು ಮಾಡಿ ನೋಡಿದೆ.

ಹಚ್ಚಿ ಇರಲಿಲ್ಲ.

ನಮ್ಮ ಕಡೆ ಆ ತಲೆಮಾರಿನ ಹೆಂಗಸರಿಗೆ ಹಣೆ ಮೇಲೆ, ಗದ್ದದ ಮೇಲೆ, ಮುಂಗೈ ಮೇಲೆ ಹಚ್ಚಿ ಇರುತ್ತೆ. ನಮ್ಮ ಅವ್ವನಿಗೆ ಹಣೆ ನಡುವೆ ಒಂದು ಸಣ್ಣ ಗೆರೆ, ಗದ್ದದ ಮೇಲೆ ಒಂದು ಬೊಟ್ಟು. ಹತ್ತು ವರ್ಷ ಆಗಿದ್ದಾಗ ಹಾಕಿಸಿದ್ದು, ಕೈಕಾಲು ಹಿಡಿದು ಕೂಡಿಸಿದ್ರಂತೆ, ಅತ್ತಿದ್ದು ಇನ್ನೂ ನೆನಪಿದೆ ಅವಳಿಗೆ. ಸತ್ತಾಗ ಜೊತೆಗೆ ಬರೋದು ಅದೊಂದೇ ಆಭರಣ ಅಂತ ಹಾಕೋಕೆ ಬಂದವಳು ಸಮಾಧಾನ ಮಾಡಿದ್ದಳಂತೆ. ಆ್ಯಪಿಗೆ ಅದು ಹಳೇ ಫೋಟೋದ ಕಲೆ. ಗೀರು ಅಳಿಸಿದ ಹಾಗೆ ಹಚ್ಚಿಯನ್ನೂ ಅಳಿಸಿತು. ಈ ತಂತ್ರಗಳು ಕೆಲಸ ಮಾಡೋದೇ ಹಾಗೆ. ಲಕ್ಷಾಂತರ ಮುಖಗಳನ್ನ ಮೊದಲೇ ನೋಡಿಟ್ಟುಕೊಂಡಿರುತ್ತೆ, ಮಸುಕಾದ ಜಾಗದಲ್ಲಿ 'ಸಾಮಾನ್ಯವಾಗಿ ಇಲ್ಲಿ ಏನಿರುತ್ತೆ' ಅಂತ ಊಹೆ ಮಾಡಿ ತುಂಬುತ್ತೆ. ಅದು ನೋಡಿದ ಮುಖಗಳಲ್ಲಿ ಹಚ್ಚಿ ಹಾಕಿಸಿಕೊಂಡ ಗೋಕಾಕ ತಾಲೂಕಿನ ಹೆಂಗಸರು ಎಷ್ಟಿರಬಹುದು? ಮೈಬಣ್ಣವನ್ನೂ ಒಂದು ಸುತ್ತು ತಿಳಿ ಮಾಡಿತ್ತು.

ನನಗೂ ಅವ್ವನಿಗೂ ಮುಖದಲ್ಲಿ ಇರುವ ದೊಡ್ಡ ಫರಕು ಅಂದ್ರೆ ಆ ಹಚ್ಚಿ. ನನಗೆ ಇಲ್ಲ, ನಮ್ಮ ಕಾಲಕ್ಕೆ ಅದು ಹಳ್ಳಿ ಗುರುತು ಅಂತ ನಿಂತುಹೋಯ್ತು. ಅದನ್ನ ಅಳಿಸಿದ ಮೇಲೆ ಅವ್ವ ನನ್ನ ಹಾಗೆ ಕಾಣದೇ ಇನ್ನೇನು? ಅವ್ವನಲ್ಲಿ ನನ್ನನ್ನ ಕಂಡೆ ಅಂತ ಎಲ್ಲರೂ ಸಂಭ್ರಮ ಪಟ್ಟರಲ್ಲ, ಅದು ಅವ್ವನನ್ನ ಅಳಿಸಿ ಅಲ್ಲಿ ನನ್ನನ್ನ ಬರೆದದ್ದು. ಅವ್ವನಿಗೇ ಫೋನ್ ಹಿಡಿದು ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ ಕೇಳಿದಳು, "ಈಕಿ ಯಾರವಾ? ನಮ್ಮ ಪೈಕಿ ಏನ?"

2021ರಲ್ಲಿ ಮೈಹೆರಿಟೇಜ್ ಅನ್ನೋ ವಂಶಾವಳಿ ಕಂಪನಿ 'ಡೀಪ್ ನಾಸ್ಟಾಲ್ಜಿಯಾ' ಅಂತ ಒಂದು ತಂದಿತು, ಸತ್ತವರ ಫೋಟೋ ಹಾಕಿದ್ರೆ ಕಣ್ಣು ಮಿಟುಕಿಸಿ, ಕತ್ತು ಹೊರಳಿಸಿ, ನಗ್ತಿದ್ರು. ಲಕ್ಷಗಟ್ಟಲೆ ಜನ ಕಣ್ಣೀರು ಹಾಕಿದ್ರು. ಆ ಕತ್ತು ಹೊರಳಿಸೋ ಚಲನೆ ಬೇರೆ ಯಾರದೋ ವಿಡಿಯೋದಿಂದ ಎರವಲು ತಂದದ್ದು. ನನಗೆ ಅದನ್ನ ನೋಡಿದ್ರೆ ಮೈ ಜುಂ ಅನ್ನುತ್ತೆ. ಅತ್ತವರ ಅಳು ಸುಳ್ಳು ಅನ್ನಲ್ಲ, ಆದರೆ ಬೇರೆಯವರ ನಗು ತಂದು ನಮ್ಮ ತಾಯಿಯ ಮುಖಕ್ಕೆ ಅಂಟಿಸೋದು ನನಗೆ ಒಪ್ಪಿಗೆ ಇಲ್ಲ.

ಸೆಲ್ಫಿ ವಿಷಯ ಬೇಗ ಹೇಳಿ ಮುಗಿಸ್ತೀನಿ. ಸ್ಟುಡಿಯೋದವನು ಆರೇಳು ಅಡಿ ದೂರ ನಿಂತು ತೆಗೆದ ಅಮ್ಮನ ಮುಖವನ್ನ, ಮೊಳ ದೂರದಿಂದ ತೆಗೆದ ನಮ್ಮ ಸೆಲ್ಫಿ ಜೊತೆ ಹೋಲಿಸೋದೇ ತಪ್ಪು ಲೆಕ್ಕ. 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ: 12 ಇಂಚು ದೂರದಿಂದ ತೆಗೆದರೆ ಮೂಗು, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲ ಕಾಣುತ್ತೆ. ಮೇಲಾಗಿ ಮೊಬೈಲಿನ ಮುಂದಿನ ಕ್ಯಾಮೆರಾ ತೆರೆಯ ಮೇಲೆ ಕನ್ನಡಿ ಥರ ತಿರುಗಿಸಿ ತೋರಿಸುತ್ತೆ, ಎಡ ಬಲ ಅದಲು ಬದಲು. "ನಂಗೂ ಅಮ್ಮಂಗೂ ಬಲಕೆನ್ನೆಯಲ್ಲೇ ಮಚ್ಚೆ" ಅಂತ ಹಾಕೋ ಮುಂಚೆ ಒಂದ್ಸಲ ಕೆನ್ನೆ ಮುಟ್ಟಿ ನೋಡಿಕೊಳ್ಳಿ :)

ಇನ್ನು ಸರಕಾರಿ ಫೋಟೋದ ಹೋಲಿಕೆ. ಹೆಂಗಸರಿಗೆ ಬಸ್ ಪುಕ್ಕಟೆ ಆದ ಮೇಲೆ, 2023ರ ಮಳೆಗಾಲದಲ್ಲಿ, ಅವ್ವ ನಾನು ಬೆಳಗಾವಿಗೆ ಹೊರಟಿದ್ವಿ. ಸೀಟಲ್ಲಿ ಕೂರೋ ಗಡಿಬಿಡಿಯಲ್ಲಿ ಅವಳ ಕಾರ್ಡು ನನ್ನ ಕೈಗೆ, ನನ್ನದು ಅವಳ ಕೈಗೆ. ಕಂಡಕ್ಟರ್ ಬಂದು ನನ್ನ ಮುಖ ನೋಡಿ ಕಾರ್ಡು ನೋಡಿ ಸೊನ್ನೆ ಟಿಕೆಟ್ ಕೊಟ್ಟ, ಅವ್ವನ ಮುಖ ನೋಡಿ ಕಾರ್ಡು ನೋಡಿ ಇನ್ನೊಂದು ಕೊಟ್ಟ, ಹೋದ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಅಂತರ ಇದೆ ಇಬ್ಬರಿಗೆ! ಅವ್ವ ಯರಗಟ್ಟಿ ಬರೋ ತನಕ ನಕ್ಕಳು. "ನೀ ಮುದುಕಿ ಆಗೀ, ನಾ ಹರೇದಾಕಿ ಆಗೇನಿ" ಅಂತ.

ಹಾಗಾದ್ರೆ ಹೋಲಿಕೆಯೇ ಇಲ್ಲವಾ? ಇದೆ. ನನಗೆ ಅದು ಸಿಕ್ಕಿದ್ದು ಕಣ್ಣು ಮೂಗಲ್ಲಿ ಅಲ್ಲ. ನನ್ನ ತಮ್ಮ ಮೊದಲ ಸಲ ಕ್ಯಾಮೆರಾ ಇರೋ ಫೋನು ತಗೊಂಡಾಗ ಸಿಕ್ಕಿದ್ದನ್ನೆಲ್ಲ ತೆಗೀತಿದ್ದ. ಅದರಲ್ಲೊಂದು, ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿರೋದು. ಅವಳಿಗೆ ಗೊತ್ತಿಲ್ಲ ತೆಗೆದದ್ದು. ಮಸುಕು ಮಸುಕು, ಕೈ ಅಲುಗಿ ಎರಡು ಮೂರು ಕೈ ಆಗಿದೆ. ಆದರೆ ಕೆಳತುಟಿಯ ಎಡಗಡೆ ಹಲ್ಲಲ್ಲಿ ಕಚ್ಚಿ ಹಿಡಿದಿದ್ದಾಳೆ, ಎಡ ಭುಜ ಕಿವಿಯ ಹತ್ತಿರ ಏರಿದೆ. ಇದಾಗಿ ಎಷ್ಟೋ ವರ್ಷಕ್ಕೆ ನಾನು ಕೆಲಸ ಮಾಡೋ ಕಡೆ ಸಹೋದ್ಯೋಗಿ ಒಬ್ಬಳು ನಾನು ಟೈಪ್ ಮಾಡೋವಾಗ ಪಕ್ಕದಿಂದ ಫೋಟೋ ತೆಗೆದಳು. ತುಟಿಯ ಎಡಗಡೆ ಹಲ್ಲಲ್ಲಿ. ಎಡ ಭುಜ ಕಿವಿ ಹತ್ತಿರ. ರೊಟ್ಟಿ ಬಡಿಯೋಕೆ ನನಗೆ ಇವತ್ತಿಗೂ ಸರಿಯಾಗಿ ಬರಲ್ಲ, ಆದರೆ ಆ ಭುಜ ಮಾತ್ರ ಬಂದಿದೆ! ಯಾರೂ ಕಲಿಸಿದ್ದಲ್ಲ, ಯಾರೂ 'ಗದ್ದ ಕೆಳಗ' ಅಂತ ಹೇಳಿದ್ದಲ್ಲ. ಎರಡೂ ಫೋಟೋ ಯಾರಿಗೂ ತೋರಿಸಿದ್ರೂ 'ಥೇಟ್' ಅನ್ನಲ್ಲ, ಮುಖವೇ ಸರಿಯಾಗಿ ಕಾಣಲ್ಲ ಅವುಗಳಲ್ಲಿ.

ಅದಕ್ಕೇ ನನ್ನ ವಾದ: ಅಮ್ಮಂದಿರ ಫೋಟೋ ತೆಗೆಯೋದಾದ್ರೆ ಕೆಲಸ ಮಾಡೋವಾಗ ತೆಗೀರಿ. ಕಸ ಹೊಡೆಯೋವಾಗ, ಲೆಕ್ಕ ಮಾಡೋವಾಗ, ಸೂಜಿಗೆ ದಾರ ಪೋಣಿಸೋವಾಗ, ಯಾರ ಮೇಲೋ ಸಿಟ್ಟು ಬಂದಾಗ. ಮೈಸೂರಿನ ಟಿ. ಎಸ್. ಸತ್ಯನ್ (1923-2009) ದೊಡ್ಡ ದೊಡ್ಡವರನ್ನ ತೆಗೆದ ಕ್ಯಾಮೆರಾದಲ್ಲೇ ಬೀದಿಯ ಸಾಮಾನ್ಯರನ್ನೂ ಅವರವರ ಪಾಡಿಗೆ ಇರುವಾಗ ತೆಗೆದರಲ್ಲ, ಹಾಗೆ. ಮನೆಯವರಿಗೆ ಅದು ಇನ್ನೂ ಸುಲಭ, ನಾವು ಅಲ್ಲೇ ಇರ್ತೀವಿ.

ಇದಕ್ಕೆ ನಮ್ಮ ಮನೆಯಲ್ಲೇ ವಿರೋಧ ಇದೆ, ಅದನ್ನೂ ಹೇಳಬೇಕು. ಅವ್ವನಿಗೆ ರೊಟ್ಟಿ ಫೋಟೋ ಒಂಚೂರೂ ಇಷ್ಟ ಇಲ್ಲ. "ಬೆವರ ಹರಿಯೂ ಫೋಟೋ ಯಾರ ನೋಡತಾರ, ಆ ಸ್ಟೂಲಿಂದ ಇಡ" ಅಂತಾಳೆ. ಆ ಕೊಳ, ಆ ಮೆಟ್ಟಿಲು, ಪ್ಲಾಸ್ಟಿಕ್ ಹೂವು ಅವಳಿಗೆ ಬೇಕು. ಅವತ್ತು ಒಂದು ದಿನ ಹೊಲದ ಕೆಲಸ ಬಿಡಿಸಿ, ಹೊಸ ಸೀರೆ ಉಡಿಸಿ, ಬಸ್ಸಲ್ಲಿ ಗೋಕಾಕಕ್ಕೆ ಕರೆದುಕೊಂಡು ಹೋಗಿದ್ರು, ಬರುವಾಗ ಕರದಂಟು ಕೊಡಿಸಿದ್ರು. ಆ ಫೋಟೋ ಅವಳಿಗೆ ಆ ದಿನ. ಪುಷ್ಪಮಾಲಾ ಅವರದ್ದೇ 1998ರ ಇನ್ನೊಂದು ಸರಣಿ ಇದೆ, 'ಸುನೆಹ್ರೇ ಸಪ್ನೆ', ಬಂಗಾರದ ಕನಸುಗಳು. ಕಪ್ಪು ಬಿಳುಪು ಫೋಟೋಗಳಿಗೆ ಹಳೇ ಸ್ಟುಡಿಯೋದವರ ಥರ ಕೈಯಲ್ಲಿ ಬಣ್ಣ ಹಚ್ಚಿದ್ದು. ಮಧ್ಯಮ ವರ್ಗದ ಗೃಹಿಣಿ ಒಬ್ಬಳು, ಅವಳ ಕನಸಿನ ಇನ್ನೊಂದು ಅವತಾರ. ಅಲ್ಲಿ ಅಣಕ ಇದೆ, ಆದರೆ ಕನಸು ಕಾಣುವವಳನ್ನ ಕೀಳು ಮಾಡೋ ಅಣಕ ಅಲ್ಲ ಅದು. ಪರದೆ ಸುಳ್ಳು ಅಂತ ನಾನು ಎಷ್ಟೇ ಹೇಳಿದ್ರೂ ಆ ಪರದೆ ಮುಂದೆ ನಿಂತ ಅರ್ಧ ಗಂಟೆ ಅವಳ ಸ್ವಂತದ್ದು. ಅದಕ್ಕೇ ಸ್ಟೂಲಿನ ಫೋಟೋ ಗೋಡೆ ಮೇಲೆ, ರೊಟ್ಟಿ ಫೋಟೋ ನನ್ನ ಹತ್ತಿರ. ಬೇಡ ಅಂದದ್ದನ್ನ ಸ್ಟೇಟಸ್ಸಿಗೆ ಹಾಕಲ್ಲ. ಮಕ್ಕಳು ಅನ್ನೋ ಕಾರಣಕ್ಕೆ ಅಮ್ಮಂದಿರ ಮುಖದ ಮೇಲೆ ನಮಗೆ ಪಟ್ಟಾ ಬರೆದುಕೊಟ್ಟಿಲ್ಲ ಯಾರೂ.

ಕಳೆದು ಹೋದದ್ದರ ಬಗ್ಗೆ ಹೇಳಲೇಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ, ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಕೆಳಗಿನ ಭಾಗದ ಮನೆಗಳಿಗೆ ನೀರು ನುಗ್ಗಿತಲ್ಲ, ಅದರಲ್ಲಿ ನಮ್ಮ ದೊಡ್ಡವ್ವನ ಮನೆಯೂ ಒಂದು. ಟ್ರಂಕಿನಲ್ಲಿ ಅವ್ವನ ಶಾಲೆಯ ಗ್ರೂಪ್ ಫೋಟೋ ಇತ್ತು. ನನ್ನ ಏಳರ ಲೆಕ್ಕಕ್ಕೆ ಅದು ಸೇರಿಲ್ಲ, ಯಾಕಂದ್ರೆ ನಾನು ಅದನ್ನ ನೋಡಿಯೇ ಇಲ್ಲ. ಎರಡು ಜಡೆ ಹಾಕಿ ಮುಂದಿನ ಸಾಲಲ್ಲಿ ಕೂತಿದ್ದಳಂತೆ, ಹಚ್ಚಿ ಹಾಕಿಸೋ ಮುಂಚಿನ ಮುಖ. ನೀರು ಇಳಿದ ಮೇಲೆ ಟ್ರಂಕು ತೆಗೆದು, ಒಂದಕ್ಕೊಂದು ಅಂಟಿಕೊಂಡಿದ್ದ ಫೋಟೋಗಳನ್ನ ಬಿಸಿಲಿಗೆ ಒಣಗಿಸಿ, ಆಮೇಲೆ ಎಳೆದು ಬಿಡಿಸಿದ್ರು. ಮುಖಗಳೆಲ್ಲ ಇನ್ನೊಂದರ ಬೆನ್ನಿಗೆ ಅಂಟಿ ಕಿತ್ತು ಬಂದವು. ನಿಮ್ಮಲ್ಲಿ ನದಿ ದಂಡೆಯವರು ಇದ್ರೆ ಇದೊಂದು ನೆನಪಿಟ್ಟುಕೊಳ್ಳಿ: ನೆಂದ ಹಳೇ ಫೋಟೋ ಒಣಗಲು ಬಿಡಬೇಡಿ. ಫೋಟೋ ಮೇಲಿನ ಪದರ ಜೆಲಟಿನ್, ಒಣಗಿದ್ರೆ ಗೋಂದಿನ ಹಾಗೆ ಹಿಡಿಯುತ್ತೆ. ಸ್ವಚ್ಛ ತಣ್ಣೀರಲ್ಲಿ ಮುಳುಗಿಸಿಟ್ಟು, ತಾವಾಗಿ ಸಡಿಲ ಆಗೋ ಹಾಗೆ ನಿಧಾನಕ್ಕೆ ಬಿಡಿಸಿ, ಮುಖ ಮೇಲೆ ಮಾಡಿ ನೆರಳಲ್ಲಿ ಒಣಗಿಸಬೇಕು. ಕೂಡಲೇ ಮಾಡೋಕೆ ಆಗದಿದ್ರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಫ್ರೀಜರಲ್ಲಿಡಿ. ಹಾಗೇ ಫೋಟೋ ಹಿಂದೆ ಹೆಸರು, ವರ್ಷ, ಊರು ಪೆನ್ಸಿಲ್ಲಲ್ಲಿ ಬರೀರಿ, ಬಾಲ್‌ಪೆನ್ ಬೇಡ. ಆ್ಯಪಿಗೆ ಹಾಕೋ ಮುಂಚೆ ಇದ್ದದ್ದು ಇದ್ದ ಹಾಗೆ ಒಂದು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಹಚ್ಚಿ ಸಮೇತ.

ರೋಲಾಂ ಬಾರ್ತ್ ಅನ್ನೋ ಫ್ರೆಂಚ್ ಲೇಖಕ 1977ರಲ್ಲಿ ತಾಯಿ ತೀರಿಕೊಂಡ ಮೇಲೆ ಫೋಟೋಗಳ ರಾಶಿ ಹಾಕಿಕೊಂಡು ತಾಯಿಯನ್ನ ಹುಡುಕಿದ. ಯಾವುದರಲ್ಲೂ ಸಿಗಲಿಲ್ಲ, ಕೊನೆಗೆ ಅವಳು ಐದು ವರ್ಷದ ಹುಡುಗಿಯಾಗಿದ್ದಾಗಿನ ಒಂದರಲ್ಲಿ ಸಿಕ್ಕಳು. 1980ರಲ್ಲಿ ಬಂದ ಪುಸ್ತಕದಲ್ಲಿ ಬೇರೆ ಎಷ್ಟೋ ಫೋಟೋ ಹಾಕಿದ, ಅದೊಂದನ್ನ ಹಾಕಲಿಲ್ಲ. ಓದಿದಾಗ ನನಗೆ ಆ ಟ್ರಂಕು ನೆನಪಾಗಿ ಹೊಟ್ಟೆಯಲ್ಲಿ ಸಂಕಟ ಆಯ್ತು. ಅವನಿಗೆ ಸಿಕ್ಕಿದ್ದು ನನಗೆ ಸಿಗೋ ಹಾಗಿಲ್ಲ.

ಇನ್ನೊಂದು ದಾರಿ ಇದೆ, ಅದು ನನಗೆ ಹೆಚ್ಚು ಇಷ್ಟ. ದೇಶದ ದೊಡ್ಡ ಛಾಯಾಗ್ರಾಹಕಿ ದಯಾನಿತಾ ಸಿಂಗ್ ಹೆಸರು ಕೇಳಿರ್ತೀರಿ, 2022ರಲ್ಲಿ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂತು. ಅವರ ತಾಯಿ ನೋನಿ ಸಿಂಗ್ ಯಾವ ಪ್ರಶಸ್ತಿಯ ಆಸೆಯೂ ಇಲ್ಲದೆ ವರ್ಷಗಟ್ಟಲೆ ಮನೆಯವರ, ತಂಗಿಯರ, ಹೆಣ್ಣುಮಕ್ಕಳ ಫೋಟೋ ತೆಗೆದವರು. 2013ರಲ್ಲಿ ಅವು 'ದಿ ಆರ್ಕೈವಿಸ್ಟ್' ಅಂತ ಪುಸ್ತಕ ಆಗಿ ಬಂದವು. ಅಲ್ಲಿ ಮಗಳು ತಾಯಿಯಲ್ಲಿ ತನ್ನನ್ನ ಕಾಣೋದು ಮೂಗಿನಲ್ಲಿ ಅಲ್ಲ, ನೋಡುವ ರೀತಿಯಲ್ಲಿ. ತಾಯಿ ಏನನ್ನ ನೋಡಿದಳು, ಎಲ್ಲಿ ನಿಂತು ನೋಡಿದಳು ಅನ್ನೋದು ಫೋಟೋದಲ್ಲೇ ಉಳಿದಿದೆ. ನಮ್ಮಲ್ಲಿ ಎಷ್ಟು ಅಮ್ಮಂದಿರಿಗೆ ಆ ಭಾಗ್ಯ ಇತ್ತು? ಕ್ಯಾಮೆರಾ ಅಪ್ಪಂದಿರ ಕೈಯಲ್ಲಿ, ಸ್ಟುಡಿಯೋದವರ ಕೈಯಲ್ಲಿ. ಅಮ್ಮ ನೋಡಿದ ಜಗತ್ತಿನ ಒಂದೇ ಒಂದು ಫೋಟೋ ನಮ್ಮ ಹತ್ತಿರ ಇಲ್ಲ. ಅವಳನ್ನ ನೋಡಿದವರ ಫೋಟೋಗಳಷ್ಟೇ ಇರೋದು.

ಈಗ ಎಲ್ಲರ ಮನೆಯಲ್ಲೂ ಫೋನಿದೆ. ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ನನ್ನ ಹಳೇ ಫೋನನ್ನ ಅವ್ವನ ಕೈಗೆ ಕೊಟ್ಟು, ಒತ್ತೋದು ಎಲ್ಲಿ ಅಂತ ತೋರಿಸಿ, ನಿನಗೆ ಬೇಕಾದ್ದು ತೆಗಿ ಅಂದೆ. "ನಂಗೇನ ತಿಳೀತೈತಿ" ಅಂದಳು, "ನನ್ನ ಫೋಟೋ ತಗದ ಹಾರಾ ಹಾಕಾಕ ಇಟ್ಕೊಂಡೀರಿ, ನನ್ ಕೈಯಾಗ ಯಾಕ ಕೊಡ್ತಿ" ಅಂತ ಬೈದಳು, ಆಮೇಲೆ ಸೆರಗಿನಲ್ಲಿ ಗಾಜು ಒರೆಸಿಕೊಂಡು ಹಿತ್ತಲಿಗೆ ಹೋದಳು. ಸಂಜೆ ನೋಡಿದ್ರೆ ಇಪ್ಪತ್ತಮೂರು ಫೋಟೋ. ನಾಲ್ಕರಲ್ಲಿ ಅವಳದ್ದೇ ಹೆಬ್ಬೆರಳು. ಮೂರರಲ್ಲಿ ನಾನು, ಅದರಲ್ಲಿ ಎರಡಕ್ಕೆ ತಲೆ ಇಲ್ಲ. ಒಂದು ಬರೀ ಆಕಾಶ. ಮಿಕ್ಕ ಹದಿನೈದೂ ಎಮ್ಮೆಯವು: ಮುಂದಿನಿಂದ, ಪಕ್ಕದಿಂದ, ಮೇವು ತಿನ್ನೋವಾಗ, ಕಿವಿ ಅಲ್ಲಾಡಿಸೋವಾಗ. ಎಮ್ಮೆ ಫೋಟೋ ಒಂದೂ ಅಲುಗಿಲ್ಲ.